ಹಳದಿ ದಾರದ ಬೋರಮಾಳ

ನಮ್ಮ ಮನೆಗೆ ಇವತ್ತಿನವರೆಗೂ ಕಳ್ಳರು ಬಂದಿಲ್ಲ. ಆದರೂ ಕಳುವಾದದ್ದು ನಮ್ಮ ಒಡವೆ. ಮೂಡಲಗಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಈ ಮಾತು ಹೇಳಿದಾಗ ಎಲ್ಲರೂ ನಕ್ಕರು. ಅವತ್ತು ಪಕ್ಕದ ಓಣಿಯಲ್ಲಿ ಯಾರದೋ ಮನೆಯ ಬೀಗ ಒಡೆದಿದ್ದರು, ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕಾವಲಿನ ಉಪಾಯ ಬಿಚ್ಚುತ್ತಿದ್ದರು. ಒಬ್ಬರು ಕ್ಯಾಮೆರಾ ಹಾಕಿಸಿದ್ದರು. ಇನ್ನೊಬ್ಬರು ಊರಿಗೆ ಹೋಗುವಾಗ ಗಂಡನ ಹಳೆಯ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಹೋಗುತ್ತಾರಂತೆ. ಗಂಡ ಸತ್ತು ಎಷ್ಟೋ ವರ್ಷವಾಗಿದೆ, ಚಪ್ಪಲಿ ಮಾತ್ರ ಇನ್ನೂ ಮನೆ ಕಾಯುತ್ತಿದೆ. ನನ್ನ ಉಪಾಯ ಏನು ಎಂದು ಕೇಳಿದರು. ನಿಮಗಿಂತ ದೊಡ್ಡವರ ಮನೆಯ ತಿಜೋರಿಯಲ್ಲಿ ನಿಮ್ಮ ಬಂಗಾರ ಇಡಬೇಡಿ ಎಂದೆ. ಅದು ಉಪಾಯವೇ ಅಲ್ಲ ಎಂದು ಅವರಿಗೆ ಅನಿಸಿತು. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ನಾನು ಹುಟ್ಟಿ ಬೆಳೆದದ್ದು ಗೋಕಾಕದಲ್ಲಿ. ಅಪ್ಪ ಕೌಜಲಗಿಯ ಕುರಿಗಾರರ ಮನೆಯವನು. ವರ್ಷದ ಹೆಚ್ಚು ಭಾಗ ಹಿಂಡಿನ ಹಿಂದೆ ಊರೂರು ಅಲೆಯುತ್ತಿದ್ದ. ನನ್ನನ್ನು ಓದಿಸಬೇಕೆಂದು ಅವ್ವ ಗೋಕಾಕದ ಒಂದು ಓಣಿಯಲ್ಲಿ ಎರಡು ಕೋಣೆಯ ತಗಡಿನ ಮನೆ ಹಿಡಿದು ನಿಂತಿದ್ದಳು. ನಮ್ಮ ಎದುರಿಗೆ ಕಿರಾಣಿ ವ್ಯಾಪಾರದವರ ಮಹಡಿ ಮನೆ. ಅವರು ಲಿಂಗ ಕಟ್ಟಿದವರು, ಹಳೆಯ ಮನೆತನ. ಆ ಮನೆಯ ಯಜಮಾನಿಯನ್ನು ಇಡೀ ಓಣಿ ಅಕ್ಕಾರು ಎಂದೇ ಕರೆಯುತ್ತಿತ್ತು. ಯಜಮಾನರೂ ಇದ್ದರು, ಆದರೆ ಅವರ ದನಿ ಅಂಗಡಿಯಲ್ಲಷ್ಟೇ ಕೇಳುತ್ತಿತ್ತು. ಅವ್ವ ಆ ಮನೆಗೆ ಜೋಳ ಹಸನು ಮಾಡಲು ಹೋಗುತ್ತಿದ್ದಳು. ಅಕ್ಕಾರು ಅವಳನ್ನು ಪ್ರೀತಿ ಬಂದಾಗ ತಂಗಿ ಎನ್ನುತ್ತಿದ್ದರು, ಪ್ರೀತಿ ಇಲ್ಲದಾಗ ಆಕಿ ಎನ್ನುತ್ತಿದ್ದರು. ಅವ್ವ ತಂಗಿ ಎಂಬುದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದಳು.

ಅವ್ವನ ಹತ್ತಿರ ಇದ್ದ ಬಂಗಾರವೆಂದರೆ ಒಂದು ಬೋರಮಾಳ. ಒಳಗೆ ಅರಗು ತುಂಬಿದ ಬಂಗಾರದ ಗುಂಡುಗಳನ್ನು ದಾರದಲ್ಲಿ ಪೋಣಿಸಿದ ಸರ ಅದು. ತುಕ್ಕಾನಟ್ಟಿಯ ನನ್ನ ಅಜ್ಜ, ಅಂದರೆ ಅವ್ವನ ಅಪ್ಪ, ತನ್ನ ಹಿಂಡಿನ ಒಳ್ಳೊಳ್ಳೆ ಟಗರುಗಳನ್ನು ಮಾರಿ ಮಗಳ ಮದುವೆಗೆ ಮಾಡಿಸಿ ಕೊಟ್ಟಿದ್ದ. ಅದು ಮುಂದೆ ನನ್ನ ಕೊರಳಿಗೆ ಎಂದು ನಾನು ತೊಟ್ಟಿಲಲ್ಲಿ ಇದ್ದಾಗಲೇ ತೀರ್ಮಾನವಾಗಿತ್ತು. ವರ್ಷಕ್ಕೊಮ್ಮೆ ಬೀರಪ್ಪನ ಪೂಜೆಯ ದಿನ ಅವ್ವ ಅದನ್ನು ಧರಿಸಿ, ದೇವರ ಭಂಡಾರವನ್ನು ದಾರಕ್ಕೆ ತಿಕ್ಕುತ್ತಿದ್ದಳು. ಭಂಡಾರವೆಂದರೆ ನಮ್ಮ ದೇವರ ಅರಿಶಿನದ ಪುಡಿ. ಅದನ್ನು ಮುಟ್ಟಿ ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ನೆಲಕ್ಕೆ ಬಿದ್ದರೆ ಕಾಲು ತಾಗಿಸುವುದಿಲ್ಲ, ಕಸಬರಿಗೆ ಮುಟ್ಟಿಸುವುದಿಲ್ಲ, ಕೈಯಲ್ಲೇ ಬಳಿದು ಹಣೆಗೆ ಹಚ್ಚಿಕೊಳ್ಳುತ್ತೇವೆ. ವರ್ಷ ವರ್ಷದ ಭಂಡಾರ ಕುಡಿದು ಆ ಸರದ ದಾರ ಗಟ್ಟಿ ಹಳದಿಯಾಗಿತ್ತು.

ಆ ಬೋರಮಾಳ ನಮ್ಮ ಮನೆಯಲ್ಲಿ ಇರಲಿಲ್ಲ. ತಗಡಿನ ಬಾಗಿಲು, ಅಪ್ಪ ಊರಲ್ಲಿಲ್ಲ, ಇಬ್ಬರು ಹೆಂಗಸರ ಮನೆ. ಅದಕ್ಕೆ ಅಕ್ಕಾರ ತಿಜೋರಿಯಲ್ಲಿ ಇಟ್ಟಿದ್ದೆವು. ಇದೇನು ವಿಚಿತ್ರವಲ್ಲ, ನಮ್ಮ ಓಣಿಯಲ್ಲಿ ಹಲವರು ಹಾಗೇ ಮಾಡುತ್ತಿದ್ದರು. ಬಡವರ ಮನೆಗಳಿಗೆಲ್ಲ ಸೇರಿ ಓಣಿಗೊಂದು ತಿಜೋರಿ. ಅದಕ್ಕೆ ಪ್ರತಿಯಾಗಿ ಅವ್ವ ಒಂದು ಕೆಲಸ ಮಾಡಬೇಕಿತ್ತು. ಅಕ್ಕಾರ ಮನೆಯವರು ಊರಿಗೆ ಹೋದಾಗ ದಿನಾ ಬೆಳಿಗ್ಗೆ ಅವರ ಬಾಗಿಲ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಬೇಕು. ಮುಂಬಾಗಿಲಿಗೆ ಕಬ್ಬಿಣದ ಜಾಳಿಗೆ ಇತ್ತು, ಅಂಗೈಯಷ್ಟು ದೊಡ್ಡ ಬೀಗ ಇತ್ತು. ಆದರೂ ಅಕ್ಕಾರಿಗೆ ನಂಬಿಕೆ ಇದ್ದದ್ದು ರಂಗೋಲಿಯ ಮೇಲೆ. ರಂಗೋಲಿ ಇದ್ದರೆ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದು ಲೆಕ್ಕ, ಹೆಣ್ಣುಮಕ್ಕಳಿದ್ದರೆ ಮನೆ ತುಂಬಿದೆ ಎಂದು ಲೆಕ್ಕ. ಅವ್ವ ನಮ್ಮ ಮನೆಗೂ ಹಾಕದಷ್ಟು ದೊಡ್ಡ ರಂಗೋಲಿಯನ್ನು ಅವರ ಹೊಸ್ತಿಲಿಗೆ ಹಾಕುತ್ತಿದ್ದಳು.

ಅಕ್ಕಾರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು ಸೂತಕ ಒಪ್ಪುತ್ತಿರಲಿಲ್ಲ. ಅವ್ವ ಮುಟ್ಟಾದ ದಿನ ಜೋಳ ಹಸನು ಮಾಡಲು ಹೋಗದಿದ್ದರೆ ಮನೆಗೇ ಬಂದು ಬಯ್ಯುತ್ತಿದ್ದರು. ನಮ್ಮ ಶರಣರು ಸೂತಕ ಗೀತಕ ಎಲ್ಲ ಕಿತ್ತು ಒಗೆದಿದ್ದಾರೆ, ಸತ್ತರೂ ಸೂತಕವಿಲ್ಲ, ಹೆತ್ತರೂ ಸೂತಕವಿಲ್ಲ, ನೀವು ಇನ್ನೂ ಯಾವ ಕಾಲದಲ್ಲಿ ಇದ್ದೀರಿ ಎನ್ನುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ನನಗೆ ಈ ಮಾತು ಬಹಳ ಹಿಡಿಸುತ್ತಿತ್ತು. ಮಾತು ಈಗಲೂ ಒಳ್ಳೆಯದೇ. ಅದು ಯಾರ ಬಾಯಲ್ಲಿತ್ತು ಎನ್ನುವುದು ಬೇರೆ.

ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದಾಗ ಅಕ್ಕಾರ ತಂಗಿಯ ಮಗಳ ಮದುವೆ ಸಂಕೇಶ್ವರದಲ್ಲಿ ಗೊತ್ತಾಯಿತು. ಇಡೀ ಮನೆಯೇ ಕಾರು ಹತ್ತಿ ಹೋಯಿತು. ದೊಡ್ಡ ಒಡವೆಗಳು ಅಕ್ಕಾರ ಮೈಮೇಲೆ ಹೋದವು, ಅವರ ಅತ್ತೆಯ ಕಾಲದ ಪಾಟಲಿ ಬಳೆಗಳು ಮತ್ತು ಕೆಲವು ಹಳೆಯ ಸಾಮಾನು ತಿಜೋರಿಯಲ್ಲೇ ಉಳಿದವು. ನಮ್ಮ ಬೋರಮಾಳವೂ ಅಲ್ಲೇ ಇತ್ತು. ಅವರು ಹೋದ ಮರುದಿನ ಅವ್ವ ಎಂದಿನಂತೆ ರಂಗೋಲಿ ಹಾಕಿ ಬಂದಳು. ಅದೇ ಮಧ್ಯಾಹ್ನ ತುಕ್ಕಾನಟ್ಟಿಯಿಂದ ಫೋನ್ ಬಂತು. ಅಜ್ಜ ತೀರಿಕೊಂಡಿದ್ದ.

ನಾವು ಹೋಗಿ ಮಣ್ಣು ಮಾಡಿ ಸಂಜೆಗೆ ಮರಳಿದೆವು. ಮದುವೆಯಾದ ಮಗಳಿಗೆ ಅಪ್ಪನ ಸಾವಿನ ಸೂತಕ ಮೂರು ದಿನ. ಮರುದಿನ ಬೆಳಿಗ್ಗೆ ಅವ್ವ ಎದುರುಮನೆಯ ಹೊಸ್ತಿಲನ್ನು ನೋಡುತ್ತ ನಮ್ಮ ಬಾಗಿಲಲ್ಲೇ ನಿಂತಳು. ರಂಗೋಲಿ ಡಬ್ಬಿ ಕೈಯಲ್ಲಿತ್ತು. ಹಾಕಲು ಆಗಲಿಲ್ಲ. ಸಾವಿನ ಕೈಯಿಂದ ಮದುವೆಗೆ ಹೋದವರ ಹೊಸ್ತಿಲು ಮುಟ್ಟಿದರೆ ಅಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಏನಾದರೂ ಕೆಟ್ಟದ್ದಾದರೆ ಎಂದು ಅವಳ ಹೆದರಿಕೆ. ಅವರಿಗೆ ಸೂತಕ ಇಲ್ಲವಲ್ಲ ಎಂದು ನಾನು ನೆನಪಿಸಿದೆ. ಅವರಿಗಿಲ್ಲ, ನನಗಿದೆ ಎಂದಳು. ಹಾಗಾದರೆ ಫೋನ್ ಮಾಡಿ ಹೇಳಿಬಿಡು ಎಂದೆ. ಮದುವೆ ಮನೆಗೆ ಸಾವಿನ ಸುದ್ದಿ ಮುಟ್ಟಿಸುತ್ತಾರೆಯೇ ಎಂದು ನನ್ನ ಮೇಲೆ ರೇಗಿದಳು. ನಾನು ಹಾಕುತ್ತೇನೆ ಎಂದರೆ ಅದೂ ಬೇಡ, ಸತ್ತವನು ನಿನಗೂ ಅಜ್ಜನೇ ಎಂದಳು. ಹೀಗೆ ತನ್ನ ಅಪ್ಪ ಸತ್ತದ್ದನ್ನು ಅವರ ಮದುವೆಯಿಂದ ಬಚ್ಚಿಟ್ಟು, ಅವರ ಹೊಸ್ತಿಲನ್ನು ಬೋಳು ಬಿಟ್ಟು, ಒಳಗೆ ಕೂತು ಸದ್ದಿಲ್ಲದೆ ಅತ್ತಳು. ಜೋರಾಗಿ ಅತ್ತರೆ ಎದುರುಮನೆಗೆ ಕೇಳೀತು ಎನ್ನುವ ಹಾಗೆ, ಅಲ್ಲಿ ಯಾರೂ ಇಲ್ಲದಿದ್ದರೂ.

ಸೂತಕ ಕಳೆದು ಮೈ ತೊಳೆದುಕೊಂಡ ಬೆಳಿಗ್ಗೆ ಅವ್ವ ಡಬ್ಬಿ ಹಿಡಿದು ಹೋದಳು. ಮುಂಬಾಗಿಲ ಬೀಗ ಹಾಗೇ ಇತ್ತು. ಕಸ ಚೆಲ್ಲಲು ಪಕ್ಕದ ಸಂದಿಗೆ ಹೋದಾಗ ಹಿತ್ತಲ ಬಾಗಿಲು ಕಂಡಿತು. ಕಟ್ಟಿಗೆಯ ಹಳೆಯ ಬಾಗಿಲು. ಅದರ ಚಿಲಕವನ್ನು ಚೌಕಟ್ಟಿನ ಸಮೇತ ಎಬ್ಬಿಸಿದ್ದರು. ಅಷ್ಟು ದೊಡ್ಡ ಬೀಗವನ್ನೆಲ್ಲ ಮುಂದಕ್ಕೆ ಹಾಕಿ ಹಿಂದೆ ಒಂದು ಚಿಲಕ ನಂಬಿದವರ ಮನೆ ಅದು. ಅವ್ವ ಆಗ ಫೋನ್ ಮಾಡಿದಳು.

ಮಧ್ಯಾಹ್ನದೊಳಗೆ ಅಕ್ಕಾರು ಬಂದರು, ಪೊಲೀಸರೂ ಬಂದರು. ತಿಜೋರಿಯ ಬಾಗಿಲನ್ನು ಡಬ್ಬಿಯ ಮುಚ್ಚಳದಂತೆ ಬಗ್ಗಿಸಿದ್ದರು. ಅಕ್ಕಿ, ಬೇಳೆ, ಮಸಾಲೆ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರುವಿ ಹುಡುಕಿದ್ದರು. ಅಡುಗೆಮನೆಯಲ್ಲಿ ಉಂಡು ಹೋಗಿದ್ದರು, ತಾಟು ಅಲ್ಲೇ ಇತ್ತು. ಅಕ್ಕಾರು ಆ ತಾಟನ್ನು ನೋಡಿ ವಾಂತಿ ಮಾಡಿಕೊಂಡರು. ಅದನ್ನೂ ಬಳಿದವಳು ಅವ್ವನೇ. ಅಷ್ಟು ಹೊತ್ತಿನವರೆಗೆ ನನಗೆ ಅವರ ಮೇಲೆ ನಿಜವಾಗಿಯೂ ಮರುಕ ಇತ್ತು.

ಬಾಗಿಲ ಮುಂದೆ ನಿಂತಿದ್ದ ಪೊಲೀಸರೊಬ್ಬರು ಹೊಸ್ತಿಲನ್ನು ನೋಡಿ, ಯಾರಿಗೂ ಅಂತಲ್ಲ, ಸುಮ್ಮನೆ ಹೇಳಿದರು.

"ಬಾಗಲ ಮುಂದ ರಂಗೋಲಿ ಇಲ್ಲ ಅಂದ್ರ ಮನ್ಯಾಗ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದಂಗ."

ಅಕ್ಕಾರು ಮೆಲ್ಲಗೆ ಅವ್ವನ ಕಡೆ ತಿರುಗಿದರು. ಅವ್ವ ಹೇಳಿದಳು, ಅಪ್ಪ ತೀರಿಕೊಂಡಿದ್ದು, ಸೂತಕ, ಮದುವೆ, ಎಲ್ಲವನ್ನೂ ಒಂದರ ಮೇಲೊಂದು. ಅಪ್ಪ ಸತ್ತ ಹೆಂಗಸಿಗೆ ಯಾರಾದರೂ ಒಂದು ಮಾತು ಹೇಳುತ್ತಾರೆ, ವೈರಿಯೂ ಹೇಳುತ್ತಾನೆ. ಅಕ್ಕಾರು ಹೇಳಿದ್ದು ಇದು.

"ನಿಮ್ಮಪ್ಪ ಸತ್ತಾನಂತ ನನ್ನ ಮನಿ ಯಾಕ ಸಾಯಬೇಕು? ನಮಗ ಸೂತಕ ಇಲ್ಲಂತ ಎಷ್ಟ ಸಲ ಹೇಳೇನಿ ನಿನಗ?"

ಅವ್ವ ತಲೆ ತಗ್ಗಿಸಿ ನೆಲದ ಅಕ್ಕಿಯನ್ನು ಬಳಿಯತೊಡಗಿದಳು. ಮಣ್ಣು, ಖಾರಪುಡಿ ಬೆರೆತ ಅಕ್ಕಿ. ಅದನ್ನು ಸಂಜೆಯವರೆಗೂ ಹಸನು ಮಾಡಿ ಕೊಟ್ಟಳು. ಆ ಅಕ್ಕಿಯನ್ನು ಆಮೇಲೆ ಅಕ್ಕಾರು ನಮಗೇ ಕೊಟ್ಟು ಕಳಿಸಿದರು, ಕಳ್ಳರು ತುಳಿದದ್ದನ್ನು ತಾವು ಉಣ್ಣುವುದಿಲ್ಲ ಎಂದು.

ದೂರು ಬರೆಸುವಾಗ ಅಕ್ಕಾರು ಅವ್ವನನ್ನು ಪಕ್ಕಕ್ಕೆ ಕರೆದರು. ದನಿ ಬದಲಾಗಿತ್ತು. ಮತ್ತೆ ತಂಗಿ ಎಂದರು. ಬೋರಮಾಳ ನಿನ್ನದು ಎಂದು ಬರೆಸಿದರೆ ಪೊಲೀಸರು ನಿನ್ನನ್ನೂ ಠಾಣೆಗೆ ಎಳೆಯುತ್ತಾರೆ, ಒಳಗಿನ ಸುಳಿವು ಕೊಟ್ಟವಳು ನೀನೇ ಎನ್ನುತ್ತಾರೆ, ಎಲ್ಲವೂ ನನ್ನದೇ ಎಂದು ಬರೆಸುತ್ತೇನೆ, ಸಿಕ್ಕ ದಿನ ನಿನ್ನದು ನಿನಗೆ ಎಂದರು. ಅವ್ವ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಗ ಅಕ್ಕಾರು ಕೇಳಿದರು.

"ತಂಗಿ, ನಿಂದಕ್ಕ ಏನರ ಗುರುತು ಐತೇನು? ಪೊಲೀಸರು ಕೇಳ್ತಾರ."

"ದಾರ ಹಳದಿ ಐತ್ರಿ ಅಕ್ಕಾರ. ಭಂಡಾರದ್ದು."

ತನ್ನ ಮನೆಯ ಕೀಲಿಕೈಯನ್ನು ಅವ್ವ ಹೀಗೆ ತಾನೇ ತೆಗೆದು ಕೊಟ್ಟಳು.

ಕೆಲವು ತಿಂಗಳ ನಂತರ ಕಳ್ಳರು ಹೆದ್ದಾರಿಯಲ್ಲಿ ಸಿಕ್ಕಿಬಿದ್ದರು. ಬೇರೆ ಬೇರೆ ಊರುಗಳಲ್ಲಿ ಕದ್ದ ಒಡವೆಗಳಲ್ಲಿ ಸ್ವಲ್ಪ ಉಳಿದಿತ್ತು, ಮಿಕ್ಕದ್ದನ್ನು ಕರಗಿಸಿಬಿಟ್ಟಿದ್ದರು. ಗುರುತು ಹಿಡಿಯಲು ಹುಕ್ಕೇರಿ ಠಾಣೆಗೆ ಕರೆ ಬಂತು. ಅಕ್ಕಾರ ಮನೆಯವರು ಕಾರಿನಲ್ಲಿ ಹೋದರು. ಕಾರಿನಲ್ಲಿ ಜಾಗ ಇಲ್ಲ, ನೀವು ಬಸ್ಸಿಗೆ ಬರ್ರಿ ಎಂದರು. ಹಿಂದಿನ ಸೀಟಿನಲ್ಲಿ ಅವರ ಕೈಚೀಲ ಒಂದೇ ಕೂತಿತ್ತು. ನಾನೂ ಅವ್ವನೂ ಬಸ್ಸಿನಲ್ಲಿ ನಿಂತು ಹೋದೆವು. ದಾರಿಯುದ್ದಕ್ಕೂ ಅವ್ವನ ಮುಖದಲ್ಲಿ ಮದುವೆ ಕಳೆ ಇತ್ತು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಡವೆ ಹರವಿದ್ದರು. ಅಕ್ಕಾರ ಪಾಟಲಿ ಇರಲಿಲ್ಲ. ಕರಗಿ ಹೋದವುಗಳಲ್ಲಿ ಅವೂ ಸೇರಿದ್ದವು. ಅವರದೆನ್ನುವ ಒಂದು ಸಣ್ಣ ಉಂಗುರ ಇತ್ತು, ಮತ್ತು ಪಕ್ಕದಲ್ಲಿ ನಮ್ಮ ಬೋರಮಾಳ. ದಾರ ಹಾಗೇ ಹಳದಿಯಾಗಿತ್ತು. ಅವ್ವ ಬಾಗಿಲ ಹತ್ತಿರ ನಿಂತು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಇದು ನಿಮ್ಮದೆನ್ನಲು ಏನು ಗುರುತು ಎಂದು ಸಾಹೇಬರು ಕೇಳಿದರು. ಅಕ್ಕಾರು ಒಂದು ಕ್ಷಣವೂ ತಡವರಿಸದೆ, ದಾರ ಹಳದಿ ಇದೆ, ತಮ್ಮ ಅತ್ತೆಯವರು ಅರಿಶಿನ ಹಚ್ಚಿ ಪೂಜೆ ಮಾಡುತ್ತಿದ್ದರು ಎಂದರು. ಸಾಹೇಬರು ಅವ್ವನನ್ನು ತೋರಿಸಿ ಇವರು ಯಾರು ಎಂದರು. ಮನೆಗೆಲಸದವಳು, ಅವಳಿಗೂ ಗೊತ್ತು, ಬೇಕಾದರೆ ಕೇಳಿ ಎಂದರು ಅಕ್ಕಾರು. ಈ ಒಡವೆ ಇವರದೇ ಏನಮ್ಮ ಎಂದು ಸಾಹೇಬರು ಕೇಳಿದಾಗ ಅವ್ವ ಹೌದೆಂದು ತಲೆಯಾಡಿಸಿದಳು. ಖುಷಿಯಿಂದಲೇ ಆಡಿಸಿದಳು, ಒಡವೆ ಮನೆಗೆ ಬರುತ್ತದಲ್ಲ ಎಂದು.

ಕೋರ್ಟಿನಲ್ಲಿ ಬರೆದುಕೊಟ್ಟು ಅಕ್ಕಾರು ಒಡವೆ ಬಿಡಿಸಿಕೊಂಡು ಬಂದರು. ಅವ್ವ ಅವತ್ತು ಹೋಗಲಿಲ್ಲ, ಬಂದ ಕೂಡಲೇ ಕೈ ಒಡ್ಡುವುದು ಚೆನ್ನಲ್ಲ ಎಂದಳು. ಮರುದಿನವೂ ಹೋಗಲಿಲ್ಲ. ಅವರೇ ಕರೆಯುತ್ತಾರೆ ಎಂದಳು. ಅವರು ಕರೆಯಲಿಲ್ಲ. ಕೊನೆಗೆ ಹೋಗಿ ಕೇಳಿದಾಗ ಕೇಸು ಮುಗಿಯುವವರೆಗೆ ಯಾರಿಗೂ ಕೊಡುವ ಹಾಗಿಲ್ಲ, ಕೋರ್ಟಿನ ಕಟ್ಟಪ್ಪಣೆ ಎಂದರು. ಅವ್ವ ನಂಬಿದಳು. ಕೋರ್ಟು ಎಂದರೆ ನಂಬುವ ಪೈಕಿ ಅವಳು. ಸ್ವಲ್ಪ ದಿನದಲ್ಲೇ ಅಕ್ಕಾರು ಅದನ್ನು ಕಪ್ಪು ದಾರಕ್ಕೆ ಹೊಸದಾಗಿ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಹಾಕಿಕೊಳ್ಳಬಾರದು ಎಂದು ಕೋರ್ಟು ಹೇಳಿಲ್ಲ ಎಂಬುದು ಅವರ ಸಮಾಧಾನ.

ಕಳುವಾದ ಮೇಲೆ ಎರಡೂ ಮನೆಗಳು ಬೇರೆ ಬೇರೆ ರೀತಿಯಲ್ಲಿ ಹೆದರಿದವು. ಅಕ್ಕಾರು ಹಿತ್ತಲ ಬಾಗಿಲಿಗೆ ಕಬ್ಬಿಣದ ಹಾಳೆ ಹೊಡೆಸಿದರು. ಮುಂದೆ ಕ್ಯಾಮೆರಾ ಹಾಕಿಸಿದರು. ಅದರ ಮುಖ ಬೀದಿಯ ಕಡೆ ಇರಲಿಲ್ಲ, ನೇರ ನಮ್ಮ ತಗಡಿನ ಬಾಗಿಲ ಕಡೆ ಇತ್ತು. ನಾನು ಸ್ನಾನ ಮಾಡಿ ಕೂದಲು ಒಣಗಿಸಿಕೊಳ್ಳುವುದೂ ಅವರ ಟೀವಿಯಲ್ಲಿ ಕಾಣುತ್ತಿತ್ತಂತೆ. ಹೊಸ್ತಿಲಿಗೆ ಪ್ಲಾಸ್ಟಿಕ್ಕಿನ ಸ್ಟಿಕರ್ ರಂಗೋಲಿ ಅಂಟಿಸಿದರು. ಅದಕ್ಕೆ ಮುಟ್ಟೂ ಇಲ್ಲ, ಸಾವೂ ಇಲ್ಲ, ಪಗಾರವೂ ಬೇಡ. ಅವ್ವನ ಅವಸ್ಥೆ ಬೇರೆ. ಕಾಯಲು ಏನೂ ಉಳಿಯದ ಮೇಲೆ ಅವಳಿಗೆ ಬೀಗದ ಹುಚ್ಚು ಹಿಡಿಯಿತು. ಬಸ್‌ಸ್ಟ್ಯಾಂಡಿನವರೆಗೆ ಹೋದವಳು ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತಿದ್ದಳು. ಜ್ವರ ಬಂದು ನಡುಗುತ್ತಿದ್ದರೂ ಎದ್ದು ನಮ್ಮ ಬಾಗಿಲಿಗೆ ರಂಗೋಲಿ ಎಳೆಯುತ್ತಿದ್ದಳು. ಒಳಗೆ ಇದ್ದದ್ದು ಎರಡು ಟ್ರಂಕು, ಅಪ್ಪನ ಕಂಬಳಿಗಳು. ಯಾವ ಕಳ್ಳನಿಗೆ ಹೆದರುತ್ತಿದ್ದಾಳೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ಹಿಂಡಿನಿಂದ ಬಂದ ಅಪ್ಪ ಎಲ್ಲ ಕೇಳಿ, ಸಾವ್ಕಾರರ ಜೊತೆ ನಮಗೇಕೆ ಎಂದು ಕಂಬಳಿ ಕೊಡವಿ ಮತ್ತೆ ಹಿಂಡಿಗೆ ಹೋದ. ಓಣಿಯ ಕೊನೆಯ ಮನೆಯ ಒಬ್ಬ ಮುದುಕಿ, ಅಕ್ಕಾರ ಪೈಕಿಯವಳೇ, ದಿನಾ ಲಿಂಗಪೂಜೆ ಮಾಡಿಯೇ ನೀರು ಕುಡಿಯುವವಳು, ಅವರ ಮನೆಗೇ ಹೋಗಿ ಆ ಸರ ವಾಪಸ್ಸು ಕೊಡು ಎಂದು ಮುಖಕ್ಕೇ ಹೇಳಿ ಬಂದಳು. ಅವತ್ತಿನಿಂದ ಅಕ್ಕಾರು ಆ ಮುದುಕಿಯ ಜೊತೆ ಮಾತು ಬಿಟ್ಟರು.

ನನಗೆ ನೌಕರಿ ಸಿಕ್ಕಿತು, ಮೂಡಲಗಿಯ ಕಡೆಯ ಗಂಡು ಗೊತ್ತಾಯಿತು. ಆ ಹೊತ್ತಿಗೆ ಕೇಸು ಮುಗಿದು ಬಹಳ ದಿನವಾಗಿತ್ತು, ಊರಿಗೆಲ್ಲ ಗೊತ್ತಿತ್ತು. ಅವ್ವ ಎಲೆ ಅಡಿಕೆ ಹಿಡಿದು ಅಕ್ಕಾರಿಗೆ ಮದುವೆ ಹೇಳಲು ಹೋದಳು. ನಾನೂ ಹಿಂದೆ ಹೋದೆ. ಅವ್ವ ಸೆರಗಿನ ಗಂಟಿನಲ್ಲಿ ಚಿಟಿಕೆ ಭಂಡಾರ ಕಟ್ಟಿಕೊಂಡು ಬಂದದ್ದು ನನಗೆ ಗೊತ್ತಿರಲಿಲ್ಲ. ಮಗಳ ಕೊರಳಿಗೆ ಬೇಕಾಗಿದೆ ಎಂದು ಮೆಲ್ಲಗೆ ಕೇಳಿದಳು. ಅಕ್ಕಾರು ಕುರ್ಚಿಯಲ್ಲಿ ಕೂತಿದ್ದರು, ಬೋರಮಾಳ ಅವರ ಕೊರಳಲ್ಲೇ ಇತ್ತು. ಬೆರಳಿನಿಂದ ಅದರ ಗುಂಡುಗಳನ್ನು ಆಡಿಸುತ್ತಲೇ ಹೇಳಿದರು.

"ನಿನ್ನ ಸೂತಕದಿಂದ ನಮ್ಮ ಅತ್ತಿಯ ಪಾಟ್ಲಿ ಹೋದ್ವು. ಅವನ್ನ ತಂದ ಕೊಡು, ನಿನ್ನ ಬೋರಮಾಳ ಒಯ್ಯಿ."

ಅವ್ವ ಗಂಟು ಬಿಚ್ಚಿದಳು. ಅಂಗೈಯಲ್ಲಿ ಭಂಡಾರ ಹಿಡಿದು ಅವರ ಮುಂದೆ ಚಾಚಿದಳು.

"ಇದನ್ನ ಮುಟ್ಟಿ ಹೇಳ್ರಿ ಅಕ್ಕಾರ, ನನ್ನದಲ್ಲಂತ. ನಾ ಇನ್ನೊಮ್ಮಿ ಕೇಳಾಂಗಿಲ್ಲ."

ಅಕ್ಕಾರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ನಾವು ಶರಣರ ದಾರಿಯವರು, ನಿಮ್ಮ ಅರಿಶಿನಕ್ಕೆಲ್ಲ ಅಂಜುವವರಲ್ಲ ಎಂದರು. ಅಂಜುವವರಲ್ಲ ಎಂದರೇ ಹೊರತು ಕೈ ಮುಂದೆ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಕಳ್ಳರು ಎಂದು ಕೂಗಿದೆ. ಹೋಗಿ ದೂರು ಕೊಡಿ ಎಂದರು ಅಕ್ಕಾರು, ಸ್ವಲ್ಪವೂ ದನಿ ಎತ್ತದೆ. ಠಾಣೆಯಲ್ಲಿ ಸಾಹೇಬರ ಮುಂದೆ ನಿಮ್ಮವ್ವನೇ ತಲೆಯಾಡಿಸಿದ್ದಾಳೆ, ಅಂದು ಸುಳ್ಳು ಹೇಳಿದೆ ಎಂದು ಈಗ ಬರೆದುಕೊಡಲಿ, ಒಳಗೆ ಹಾಕುತ್ತಾರೆ ಎಂದರು. ಮನೆಗೆ ಬಂದ ಮೇಲೆ ಅವ್ವ ನನ್ನ ಕಪಾಳಕ್ಕೆ ಹೊಡೆದಳು. ಮದುವೆ ಗೊತ್ತಾದ ಹುಡುಗಿ ಬೀದಿಯಲ್ಲಿ ನಿಂತು ಕೂಗಿದ್ದಕ್ಕೆ. ಕದ್ದವರಿಗೆ ಬೀಳಬೇಕಾದ ಏಟು ಕೈಗೆ ಸಿಕ್ಕವರಿಗೆ ಬೀಳುವುದು ಲೋಕದಲ್ಲಿ ಹೊಸದಲ್ಲ.

ನನ್ನ ಕೊರಳಿಗೆ ಬಜಾರಿನಿಂದ ಬಂಗಾರದ ನೀರು ಕುಡಿಸಿದ ಬೋರಮಾಳ ತಂದರು. ಅಕ್ಷತೆ ಬೀಳುವ ಮೊದಲೇ ಅದು ಕೊರಳಿಗೆ ನವೆ ಎಬ್ಬಿಸಿತು. ಅಕ್ಕಾರು ಮದುವೆಗೆ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಹಸಿರು ಸೀರೆ, ಮೇಲೆ ನಮ್ಮ ಅಜ್ಜನ ಟಗರುಗಳು. ನನ್ನ ತಲೆಯ ಮೇಲೆ ಅಕ್ಕಿಕಾಳು ಹಾಕಲು ಬಾಗಿದಾಗ ಆ ಸರ ನನ್ನ ಮುಖಕ್ಕೆ ತಾಗಿ ಹೋಯಿತು. ತಣ್ಣಗಿತ್ತು. ಅಷ್ಟು ಹೊತ್ತು ಅಕ್ಷತೆಯ ತಾಟು ಹಿಡಿದು ನಿಂತವಳು ಅವ್ವ.

ಆಮೇಲೆ ನಾನು ಕಲ್ಲಾದೆ. ಮೂಡಲಗಿಯಲ್ಲಿ ನಮ್ಮದೇ ಮನೆ ಕಟ್ಟಿಸಿದಾಗ ಮುಂದಿನ ಬಾಗಿಲಿಗಿಂತ ಹಿಂದಿನದನ್ನು ಗಟ್ಟಿ ಮಾಡಿಸಿದೆ. ಪಕ್ಕದ ಮನೆಯ ಹೆಣ್ಣುಮಗಳು ಒಂದು ಸಲ ಸಣ್ಣ ಡಬ್ಬಿ ತಂದು, ಊರಿಗೆ ಹೋಗಿಬರುವವರೆಗೆ ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ ಟೀಚರ್ ಎಂದು ಕೇಳಿದಳು. ಆಗುವುದಿಲ್ಲ ಎಂದು ಬಾಗಿಲು ಹಾಕಿದೆ. ನನ್ನ ಗಂಡ ಅದು ಬಹಳ ಕೆಟ್ಟದಾಯಿತು ಎಂದ. ಒಳ್ಳೆಯದು ಮಾಡುವವರ ತಿಜೋರಿ ಎಂಥದ್ದೆಂದು ಅವನಿಗೆ ಗೊತ್ತಿಲ್ಲ.

ಅವ್ವ ಕಳೆದ ವರ್ಷ ತೀರಿಕೊಂಡಳು. ಬೆಳಿಗ್ಗೆ ನಮ್ಮ ಹಳೆಯ ಬಾಗಿಲ ಮುಂದೆ ರಂಗೋಲಿ ಹಾಕುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಅರ್ಧ ಎಳೆದ ಗೆರೆ ಹಾಗೇ ಇತ್ತು, ನಾನು ಬಂದು ನೋಡಿದೆ. ಹೆಣವನ್ನು ಅಂಗಳದಲ್ಲಿ ಕೂಡಿಸಿ ಹಣೆಗೆ ಭಂಡಾರ ಬಳಿದೆವು. ಹೊರಡುವ ಹೊತ್ತಿಗೆ ಎದುರುಮನೆಯ ಸೊಸೆ ಬಂದಳು. ಒಳ್ಳೆಯ ಹುಡುಗಿ, ನೆಲ ನೋಡಿಕೊಂಡೇ ಮಾತಾಡಿದಳು. ನಾಳೆ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯ ಇದೆ, ಬಾಗಿಲಿಗೆ ತೋರಣ ಕಟ್ಟಿದೆ, ಅದಕ್ಕೆ ಹೆಣವನ್ನು ನಮ್ಮ ಮನೆಯ ಮುಂದಿನಿಂದ ಒಯ್ಯಬೇಡಿ, ಹಿಂದಿನ ಸಂದಿಯಿಂದ ಒಯ್ಯಿರಿ ಎಂದು ಅತ್ತೆ ಹೇಳಿಕಳಿಸಿದ್ದರು. ಸೂತಕವಿಲ್ಲದ ಅತ್ತೆ. ನಾನು ಬಾಯಿ ತೆರೆದೆ. ಮುದುಕನಾಗಿದ್ದ ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟು, ಹೋಗಲಿ ಬಿಡವ್ವ, ಮಣ್ಣಾಗುವ ಹೆಣಕ್ಕೆ ಯಾವ ದಾರಿಯಾದರೇನು ಎಂದ. ಅವರ ಮದುವೆಗೆ ತಗಲದಿರಲಿ ಎಂದು ತನ್ನ ಅಪ್ಪನ ಸಾವನ್ನು ಬಚ್ಚಿಟ್ಟವಳನ್ನು, ಅವರ ತೊಟ್ಟಿಲಿಗೆ ತಗಲದಿರಲಿ ಎಂದು, ಗಟಾರದ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ತಿರುಗಿಸಿ ಒಯ್ದೆವು.

ಮರುದಿನ ಬೆಳಿಗ್ಗೆ ನಾನು ಎದ್ದು ಅವ್ವನ ದೇವರ ಮಾಡದಲ್ಲಿದ್ದ ಭಂಡಾರದ ಚೀಲ ತೆಗೆದುಕೊಂಡೆ. ಅವಳ ಹಣೆಗೆ ಬಳಿದು ಉಳಿದ ಭಂಡಾರ. ಎದುರುಮನೆಯ ಹೊಸ್ತಿಲ ಮುಂದೆ ಕೂತೆ. ಕ್ಯಾಮೆರಾ ನೋಡುತ್ತಿತ್ತು, ನೋಡಲಿ ಎಂದುಕೊಂಡೆ. ನೀರು ಚಿಮುಕಿಸಿ, ಆ ಪ್ಲಾಸ್ಟಿಕ್ ಸ್ಟಿಕರಿನ ಮೇಲೂ ಅದರ ಸುತ್ತಲೂ, ಗೋಡೆಯಿಂದ ಗೋಡೆಯವರೆಗೆ, ಅವ್ವ ಹಾಕುತ್ತಿದ್ದ ಅದೇ ದೊಡ್ಡ ರಂಗೋಲಿಯನ್ನು ಭಂಡಾರದಲ್ಲಿ ಎಳೆದೆ. ದಾಟಲು ಒಂದು ಹೆಜ್ಜೆ ಇಡುವಷ್ಟೂ ಜಾಗ ಬಿಡಲಿಲ್ಲ. ಬಾಗಿಲು ತೆರೆಯಿತು. ಅಕ್ಕಾರು ರೇಷ್ಮೆ ಸೀರೆ ಉಟ್ಟು ನಿಂತಿದ್ದರು, ಬೋರಮಾಳ ಕೊರಳಲ್ಲಿ. ವಯಸ್ಸಾಗಿತ್ತು, ಕಣ್ಣುಗಳು ಮೊದಲಿನಂತೆಯೇ ಇದ್ದವು.

"ಸೂತಕದಾಗ ಬಂದು ನಮ್ಮ ಬಾಗಲಾಗ ಏನ ಮಾಡಾಕತ್ತಿ?"

"ನಿಮಗ ಸೂತಕ ಇಲ್ಲಲ್ರಿ ಅಕ್ಕಾರ. ಅವ್ವ ಅವತ್ತ ಹಾಕದ ರಂಗೋಲಿ ಬಾಕಿ ಉಳದಿತ್ತು. ಹಾಕಿದ್ನಿ. ಈಗ ದಾಟ್ರಿ."

ಅವರು ಕಾಲು ಎತ್ತಿದರು. ಹಳದಿಯ ಮೇಲೆ ಅದು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಮತ್ತೆ ಒಳಗೇ ಇಟ್ಟರು. ಸೊಸೆ ಬಕೆಟ್ ತಂದು ತೊಳೆಯಲೇ ಎಂದಳು, ಮುಟ್ಟಬೇಡ ಎಂದರು. ಕೆಲಸದವಳನ್ನು ಕರೆದರು, ಅವಳು ನಮ್ಮ ಪೈಕಿ, ಕಸಬರಿಗೆ ಕೆಳಗಿಟ್ಟು ಕೈ ಮುಗಿದು ಹೋದಳು. ಬಳಿದು ಹಣೆಗೆ ಹಚ್ಚಿಕೊಂಡರೆ ಮುಗಿಯುವ ಕೆಲಸ ಎಂದು ನಾನು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದೆ. ಅದಕ್ಕೂ ಬಾಗಲಿಲ್ಲ. ತೊಟ್ಟಿಲ ಕಾರ್ಯಕ್ಕೆ ಬಂದವರೆಲ್ಲ ಬೀದಿಯಲ್ಲಿ ನಿಂತು ನೋಡಿ, ಪಿಸುಗುಟ್ಟಿ, ಸಂದಿಯಿಂದ ಸುತ್ತಿ ಒಳಗೆ ಹೋದರು. ನನಗೆ ನಗು ಬಂತು. ಅವ್ವ ಸತ್ತ ಮರುದಿನ ನಕ್ಕದ್ದಕ್ಕೆ ನನಗೆ ನಾಚಿಕೆಯೂ ಆಗಲಿಲ್ಲ.

ಬೋರಮಾಳ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಮಳೆ ಬಂದು ಹಳದಿ ತೊಳೆದುಹೋದ ಮೇಲೂ ಅಕ್ಕಾರು ಆ ಹೊಸ್ತಿಲು ದಾಟಿಲ್ಲ ಎಂದು ಅಪ್ಪ ಹೇಳುತ್ತಾನೆ. ಕಬ್ಬಿಣದ ಹಾಳೆ ಹೊಡೆಸಿದ ಹಿತ್ತಲ ಬಾಗಿಲು ತೆರೆದು, ನಮ್ಮ ಸರವನ್ನು ಸೆರಗಿನಿಂದ ಮುಚ್ಚಿಕೊಂಡು, ಗಟಾರ ದಾಟಿ ಬೀದಿ ಸೇರುತ್ತಾರಂತೆ. ಅವತ್ತು ಕಳ್ಳರು ಅದನ್ನು ಒಯ್ದದ್ದೂ ಅದೇ ಬಾಗಿಲಿನಿಂದ.